ಬಡಿದೆವು, ಯಾರೂ ತೆಗೆಯಲಿಲ್ಲ

ಈ ಸಲದ ಲಕೋಟೆಗೆ ಕೆಂಪು ಅಂಚಿತ್ತು. ಜನೀನ್ ಅದನ್ನು ಬಾಗಿಲ ಬಳಿಯ ಚಾಪೆಯಿಂದೆತ್ತಿ ಅಡುಗೆಮನೆಯ ಮೇಜಿನ ಮೇಲಿಟ್ಟು ಚಹಾಕ್ಕೆ ನೀರಿಟ್ಟಳು. ನೀರು ಕುದಿದು ತಣ್ಣಗಾದ ಮೇಲೆ ಲಕೋಟೆ ಒಡೆದಳು.

'ಮಾನ್ಯ ನೀಲ್ ಹಾರ್ಟ್ಲಿಯವರೇ, ನಿಮ್ಮ ಮನೆಯಲ್ಲಿ ಪರವಾನಗಿ ಇಲ್ಲದೆ ಟೀವಿ ನೋಡಲಾಗುತ್ತಿದೆಯೆಂದು ನಂಬಲು ನಮಗೆ ಕಾರಣವಿದೆ. ನಮ್ಮ ಅಧಿಕಾರಿ ನಿಮ್ಮಲ್ಲಿಗೆ ಬಂದು ಬಾಗಿಲು ಬಡಿದರು. ಯಾರೂ ತೆಗೆಯಲಿಲ್ಲ. ಬರುವ ವಾರ ಮತ್ತೆ ಬರುತ್ತಾರೆ.'

ಗಂಡ ನೀಲ್ ಸತ್ತು ಒಂದು ಚಳಿಗಾಲ ಕಳೆದಿತ್ತು. ಬ್ಯಾಂಕು, ಕಾರ್ಖಾನೆ, ಗ್ರಂಥಾಲಯ ಎಲ್ಲ ಕಡೆ ಅವನ ಹೆಸರಿನ ಮೇಲೆ ಗೆರೆ ಎಳೆದಾಗಿತ್ತು. ಈ ಕಚೇರಿಗೆ ಮಾತ್ರ ಜನೀನ್ ತಿಳಿಸಿರಲಿಲ್ಲ. ಅವನನ್ನು ಇನ್ನೂ ಹುಡುಕುತ್ತಿದ್ದವರು ಅವರೊಬ್ಬರೇ.

ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಐರೀನ್ ಬಂದಳು. ಕೈಯಲ್ಲಿ ಮುಚ್ಚಿದ ತಟ್ಟೆ, ಅದರಲ್ಲಿ ಆಲೂಗಡ್ಡೆ ಕಡುಬು.

"ತಿನ್ನೇ ಮಗಳೇ, ಎಲುಬು ಕಾಣ್ತಿದೆ. ಮತ್ತೆ ಬಂತಾ ಪ್ರೇಮಪತ್ರ?"

"ಬಂತು."

"ಒಲೆಗೆ ಹಾಕು. ಒಳಗೆ ಬರೋಕೆ ಅವ್ನಿಗೇನು ಅಧಿಕಾರ ಇದೆ? ನಾವಾಗಿ ತೆಗೆದ್ರೆ ತಾನೇ. ಈ ಬೀದೀಲಿ ಇಷ್ಟು ವರ್ಷದಿಂದ ಯಾರೂ ತೆಗ್ದಿಲ್ಲ."

ನಿಜ. ಟೀವಿ ನೋಡಲು ವರ್ಷವರ್ಷ ಸರ್ಕಾರಕ್ಕೆ ಹಣ ಕಟ್ಟಿ ಪರವಾನಗಿ ಪಡೆಯಬೇಕಿತ್ತು, ಇಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಬರ್ನ್ಲಿ ಊರಿನ ಆ ಬೀದಿಯಲ್ಲಿ ಮನೆಗಳು ಭುಜಕ್ಕೆ ಭುಜ. ಒಂದು ಗೋಡೆ ಎರಡು ಮನೆಗೆ. ಟೀವಿ ಪರವಾನಗಿಯವನು ಬೀದಿಯ ತುದಿಯಲ್ಲಿ ಕಂಡರೆ ಮೊದಲ ಮನೆಯವರು ಬೆಂಕಿ ಕೆದಕುವ ಸರಳಿನಿಂದ ಪಕ್ಕದ ಗೋಡೆಗೆ ಮೂರು ಸಲ ಕುಟ್ಟುವರು. ಅವರಿಂದ ಅವರ ಪಕ್ಕದವರಿಗೆ. ಕುಟ್ಟು ಗೋಡೆಯಿಂದ ಗೋಡೆಗೆ ಓಡುತ್ತಿದ್ದ ಹಾಗೆ ಬೀದಿಯ ಟೀವಿಗಳೆಲ್ಲ ಆರುವವು. ಜನ ಕಿಟಕಿಯ ಕೆಳಗೆ ನೆಲಕ್ಕೆ ಕೂತು ನಗು ತಡೆಯುವರು. ಮಕ್ಕಳಿಗೆ ಅದು ಹಬ್ಬ.

ನೀಲ್ ಸತ್ತ ದಿನವೂ ಹಾಗೇ ಕುಟ್ಟು ಬಂದಿತ್ತು. ಬರೆಯುವ ರಟ್ಟು ಹಿಡಿದ ಮನುಷ್ಯನನ್ನು ನೋಡಿ ಯಾರೋ ಹೆದರಿದ್ದರು. ಅವನು ಚರಂಡಿಯ ಅಳತೆಗೆ ಬಂದವನೆಂದು ಆಮೇಲೆ ತಿಳಿಯಿತು. ಕುಟ್ಟು ಐರೀನಳ ಗೋಡೆಯಿಂದ ಬಂತು. ಜನೀನ್ ಟೀವಿ ಆರಿಸಿ, ಆಚೆ ಮನೆಯ ಡೆರೆಕ್‌ನ ಗೋಡೆಗೆ ಕುಟ್ಟಿ, ನೆಲಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ನೀಲ್ ಕೆಲಸದಲ್ಲಿರುವ ಹೊತ್ತದು, ಅಲ್ಲದೆ ಅವನ ಬಳಿ ಯಾವಾಗಲೂ ಕೀಲಿಯಿರುತ್ತಿತ್ತು. ಕೋಟನ್ನು ಕಾರ್ಖಾನೆಯಲ್ಲೇ ಬಿಟ್ಟು, ಎದೆ ಹಿಡಿದುಕೊಂಡು ನಡೆದು ಬಂದಿದ್ದಾನೆ, ಕೀಲಿ ಕೋಟಿನಲ್ಲೇ ಉಳಿದಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಬಡಿತ ಮೆಲ್ಲಗಾಯಿತು. ಆಮೇಲೆ ಮೂಟೆ ಇಳಿಸಿದಂಥ ಸದ್ದು. ಪರವಾನಗಿಯವನು ಹಟಮಾರಿ, ಮೆಟ್ಟಿಲ ಮೇಲೆ ಕೂತೇಬಿಟ್ಟ ಅಂದುಕೊಂಡು ಅವಳು ಕೈಯಿಂದ ಬಾಯಿ ಮುಚ್ಚಿ ನಕ್ಕಿದ್ದಳು.

ಬೀದಿಗೆಲ್ಲ ಇದು ಗೊತ್ತು. ಯಾರೂ ಆಡುವುದಿಲ್ಲ. ಕಡುಬು ತರುತ್ತಾರೆ.

"ಈ ಸಲ ನಾನು ತೆಗೀತೀನಿ," ಎಂದಳು ಜನೀನ್.

"ಹುಚ್ಚೇನೇ ನಿಂಗೆ? ನಿನ್ನ ಹಿಂದೇನೇ ನಮ್ಮನ್ನೂ ಹಿಡೀತಾರೆ."

"ಯಾರಾದ್ರೂ ಬಡಿದ್ರೆ ತೆಗೀಬೇಕು, ಐರೀನ್."

ಐರೀನ್ ತಟ್ಟೆಯ ಮುಚ್ಚಳ ತೆಗೆದು, ಹಾಕಿ, ಹಿತ್ತಲಿಗೆ ಹೊರಟುಹೋದಳು.

ಅಂದಿನಿಂದ ಜನೀನ್ ಎಲ್ಲಿಗೂ ಹೋಗಲಿಲ್ಲ. ಒಲೆಯೊಳಗಿನ ಗಾಳಿ, ಮೇಲಿನ ನೀರಿನ ಕೊಳವೆ, ಏನು ಸದ್ದಾದರೂ ಎದ್ದು ಬಾಗಿಲು ತೆಗೆದಳು. ಮೆಟ್ಟಿಲು ಒದ್ದೆಯಾಗಿರುತ್ತಿತ್ತು. ಅಷ್ಟೇ. ಮುಚ್ಚಿ ಒಳಗೆ ಬಂದರೆ ಬಾಗಿಲ ಆಚೆ ಯಾರೋ ಉಸಿರು ಹಿಡಿದು ನಿಂತಂತೆ.

ಗುರುವಾರ ಮಧ್ಯಾಹ್ನ ಐರೀನಳ ಗೋಡೆಯಿಂದ ಕುಟ್ಟು ಬಂತು. ತೆಗೆಯಬೇಕೆಂದು ಕಾದವಳೇ ಜನೀನ್. ಆದರೂ ಅವಳ ಕೈ ತಾನಾಗಿ ಸರಳು ಹಿಡಿದು ಡೆರೆಕ್‌ನ ಗೋಡೆಗೆ ಕುಟ್ಟಿತು. ಮೊಣಕಾಲು ತಾನಾಗಿ ಮಡಚಿ, ಅವಳು ಕಿಟಕಿಯ ಕೆಳಗೆ ಕೂತಿದ್ದಳು.

ಬಡಿತ. ಮತ್ತೆ ಬಡಿತ. ಏಳಲಾಗಲಿಲ್ಲ. ಆಮೇಲೆ ಅಂಚೆ ಹಾಕುವ ಕಂಡಿಯ ತಗಡು ಮೇಲೆದ್ದಿತು.

"ಮಿಸ್ಟರ್ ಹಾರ್ಟ್ಲಿ?" ಎಂದಿತು ದನಿ. "ನೀಲ್ ಹಾರ್ಟ್ಲಿ?"

ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಕರೆದಿರಲಿಲ್ಲ, ಎಷ್ಟೋ ಕಾಲದಿಂದ. ಅವಳು ಗೋಡೆ ಹಿಡಿದು ಎದ್ದು ಬಾಗಿಲು ತೆಗೆದಳು.

ನೆಗಡಿಯಾದ, ದಪ್ಪ ಮೈಯ ನಡುವಯಸ್ಸಿನವ. ಬಾಗಿಲು ತೆರೆದದ್ದಕ್ಕೆ ಅವನಿಗೇ ಗಾಬರಿ. "ಮಿಸ್ಟರ್ ಹಾರ್ಟ್ಲಿ ಇದ್ದಾರಾ?"

ಜನೀನ್ ಅವನ ಕಾಲ ಕೆಳಗಿನ ಮೆಟ್ಟಿಲು ನೋಡಿದಳು. "ಬಂದಿದ್ರು. ನಾನು ತೆಗೀಲಿಲ್ಲ."

"ಅಂದ್ರೆ?"

ಮೇಲಿನ ಕಿಟಕಿಯಿಂದ ಡೆರೆಕ್ ಅರಚಿದ: "ಬಾಯಿ ಮುಚ್ಕೊಳೇ ಹುಡುಗಿ! ಗಂಡ ಸತ್ತೋದ ಅನ್ನು, ಬಾಗಿಲು ಹಾಕು! ಏ ದಡಿಯ, ವಿಧವೆ ಮನೆ ಕಣಯ್ಯಾ ಅದು, ಹೋಗ್ತಾ ಇರು!"

ಅಧಿಕಾರಿ ಪೆನ್ನು ಇಳಿಸಿದ. ಮೂಗು ಒರೆಸಿಕೊಂಡ. "ಕ್ಷಮಿಸಿ ಮೇಡಂ, ನಮಗೆ ತಿಳಿದಿರಲಿಲ್ಲ. ತೀರಿಕೊಂಡಿದ್ದಾರೆ ಅಂತ ಬರ್ದು ಇದನ್ನ ಇಲ್ಲಿಗೇ ಮುಗಿಸ್ತೀನಿ. ಇನ್ನು ಕಾಗದ ಬರಲ್ಲ."

"ಮುಗಿಸ್ಬೇಡಿ. ನಾನು ಟೀವಿ ನೋಡ್ತಾ ಇದ್ದೆ. ಪರವಾನಗಿ ಇರ್ಲಿಲ್ಲ. ಮನೇಲಿ ಜನ ಇದ್ರು, ಬಡಿದದ್ದು ಕೇಳ್ತು, ಆದ್ರೂ ತೆಗೀಲಿಲ್ಲ ಅಂತ ಬರ್ಕೊಳ್ಳಿ."

"ಅದಕ್ಕೆಲ್ಲ ಇದರಲ್ಲಿ ಜಾಗ ಇಲ್ಲ, ಮೇಡಂ," ಎಂದ ಅವನು, ತುಂಬ ಮೆತ್ತಗೆ. ಏನೋ ಚಿಕ್ಕದಾಗಿ ಗೀಚಿ, ಟೋಪಿ ಮುಟ್ಟಿ, ಹೊರಟ.

ಅವನು ಐರೀನಳ ಬಾಗಿಲು ಬಡಿದ. ಒಳಗಿಂದ ಸದ್ದಿಲ್ಲ. ಮತ್ತೆ ಬಡಿದ. ಇಡೀ ಬೀದಿ ಉಸಿರು ಹಿಡಿದಿತ್ತು. ಒಳಗಿರುವವರಿಗೆ ಆ ಸದ್ದು ಹೇಗೆ ಕೇಳುತ್ತದೆಂದು ಜನೀನ್‌ಗೆ ಗೊತ್ತಿತ್ತು. ಹೊರಗಿಂದ ಹೇಗೆ ಕೇಳುತ್ತದೆಂದು ಗೊತ್ತಾಗಿದ್ದು ಈಗ. ಮರದ ಮೇಲೆ ಗೆಣ್ಣು ಬೀಳುತ್ತಿತ್ತು, ಆಚೆ ಯಾರೂ ಇಲ್ಲವೆಂಬಂತೆ. ಅವಳು ಚಪ್ಪಲಿಯಿಲ್ಲದ ಕಾಲಲ್ಲೇ ಹೋಗಿ ಅವನನ್ನು ಸರಿಸಿ, ಅಂಚೆ ಕಂಡಿಗೆ ಬಾಯಿಟ್ಟಳು.

"ಐರೀನ್. ಕಿಟಕಿ ಕೆಳಗೇ ಇದ್ದೀರಿ ನೀವು. ಎದ್ದು ಯಾರು ಅಂತ ನೋಡಿ."

"ಹೋಗೇ ಪಾಪಿ!" ಒಳಗಿಂದ ಅಳು ಬಂತು. "ಆವತ್ತು ನಾನೇ ಕುಟ್ಟಿದ್ದು ಅಂತ ತಾನೇ ನಿಂಗೆ ಸಿಟ್ಟು?"

"ಸಿಟ್ಟಿಲ್ಲ. ತೆಗೀರಿ."

"ಮೇಡಂ, ನಾನು ಇನ್ನೊಂದಿನ ಬರ್ತೀನಿ," ಎಂದ ಅಧಿಕಾರಿ.

"ನಿಂತ್ಕೊಳ್ಳಿ," ಎಂದಳು ಜನೀನ್.

ಬಹಳ ಹೊತ್ತಾಯಿತು. ಆಮೇಲೆ ಒಳಗೆ ಮುದಿ ಮೊಣಕಾಲುಗಳು ಲಟಕ್ಕೆಂದು ನೆಟ್ಟಗಾದವು, ಕುರ್ಚಿಯೊಂದು ಸರಿಯಿತು, ಅಗುಳಿ ಜಾರಿತು.