ಹೆಜ್ಜೆ ಸಪ್ಪಳದ ಡಾಕ್ಟರು

ಡಾಕ್ಟರು ಬರುತ್ತಿರುವುದು ಎರಡು ಮಹಡಿ ಕೆಳಗಿರುವಾಗಲೇ ತಿಳಿಯುತ್ತಿತ್ತು. ಒಂದೊಂದು ಮೆಟ್ಟಿಲನ್ನೂ ಹಳೆಯ ವೈರಿಯೆಂಬಂತೆ ತುಳಿಯುತ್ತ, ನಡುನಡುವೆ ಬೇಕೆಂದೇ ಕೆಮ್ಮುತ್ತ, ಲೋಹದ್ದೇನನ್ನೋ ಕಂಬಿಗೆ ಕಟಕಟ ತಾಗಿಸುತ್ತ ಏರಿಬರುವ ಆ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಕಳ್ಳನಾಗಿ. ದೊಡ್ಡ ಕಳ್ಳನೇನಲ್ಲ, ಆ ಯೋಗ್ಯತೆ ನನಗೆಲ್ಲಿಂದ ಬರಬೇಕು? ಬಾಡಿಗೆ ಕೋಣೆಯಲ್ಲಿ ಲೈಸೆನ್ಸ್ ಇಲ್ಲದೆ ಸೆಕೆಂಡ್ ಹ್ಯಾಂಡ್ ಟಿವಿಯೊಂದನ್ನು ಇಟ್ಟುಕೊಂಡಿದ್ದ ಚಿಲ್ಲರೆ ಕಳ್ಳ. ನಮ್ಮಲ್ಲಿ ಸಾರ್ವಜನಿಕ ವಾಹಿನಿ ಉಸಿರಾಡುತ್ತಿದ್ದುದೇ ಟಿವಿ ಇರುವ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸ್ ಶುಲ್ಕದಿಂದ. ಕಟ್ಟದವರನ್ನು ಹಿಡಿಯಲು ತಪಾಸಣೆಯವರ ಹತ್ತಿರ ಒಂದು ಯಂತ್ರವಿದೆ, ಗೋಡೆಯಾಚೆಯ ಟಿವಿಯನ್ನೂ ಅದು ಮೂಸಿ ಹೇಳುತ್ತದೆ ಎಂದು ಪಕ್ಕದ ಕೋಣೆಯವನು ನನ್ನ ತಲೆಗೆ ತುಂಬಿದ್ದ. ಬಾಗಿಲ ಸಂದಿಯಿಂದ ಇಣುಕಿದೆ. ಮೊಣಕಾಲು ಮುಟ್ಟುವ ಬೂದು ಬಣ್ಣದ ಕೋಟು. ಕೈಯಲ್ಲಿ ಕಪ್ಪು ಬಟ್ಟೆ ಸುತ್ತಿದ ಉದ್ದನೆಯ ವಸ್ತು. ಅದರ ತುದಿಯಲ್ಲಿ ಹೊಳೆಯುವ ಉಕ್ಕಿನ ಮೊನೆ. ಸಾಕ್ಷಾತ್ ಯಂತ್ರ!

ಟಿವಿ ಆರಿಸಿ, ಕಂಬಳಿ ಹೊದಿಸಿ, ಅದರ ಮೇಲೊಂದು ನೀರಿನ ಲೋಟ ಇಟ್ಟೆ. ಒಳಗೆ ಬಂದವರು ಏನನ್ನೂ ಹುಡುಕಲಿಲ್ಲ. ಕಾಯಿಲೆಯ ಮಗುವಿನ ಹಣೆ ಮುಟ್ಟುವಂತೆ ಕಂಬಳಿಯ ಮೇಲೆ ಅಂಗೈ ಇಟ್ಟರು.

“ಇದೇನಪ್ಪಾ?”

“ಮೇಜು ಸಾರ್.”

“ಮೇಜಿಗೆ ಜ್ವರ ಬಂದಿದೆಯಲ್ಲೋ! ಕಂಬಳಿ ತೆಗಿ, ಪಾಪ, ಉಸಿರು ಕಟ್ಟುತ್ತೆ.”

ನಾನು ಕೈಮುಗಿದು, “ತಪ್ಪಾಯ್ತು ಸಾರ್, ಮೊದಲು ಆ ಯಂತ್ರ ಆಫ್ ಮಾಡಿ” ಅಂದೆ. ಅವರು ತಮ್ಮ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಗುಂಡಿ ಒತ್ತಿದರು. ಫಟ್ಟನೆ ಕೊಡೆ ಬಿಚ್ಚಿಕೊಂಡು ನನ್ನ ಮೈಮೇಲೆ ಮಳೆಹನಿ ಚಿಮುಕಿಸಿತು.

ಎರಡು ವರ್ಷ ಕಳೆದು ಅದೇ ಶುಲ್ಕ ಕಚೇರಿಯಲ್ಲಿ, ಅದೇ ಕೋಟಿನ ಬಾಲ ಹಿಡಿದು ನಡೆಯುವ ಕಿರಿಯ ತಪಾಸಕನ ಕೆಲಸ ನನಗೆ ಸಿಕ್ಕಿತು. ವಿಧಿಗೂ ಹಾಸ್ಯಪ್ರಜ್ಞೆ ಇದ್ದೀತು. ಟಿವಿಗಳ ಮೈ ಮುಟ್ಟಿ ಜ್ವರ ನೋಡುವುದರಿಂದ ಅವರಿಗೆ ಡಾಕ್ಟರು ಎಂಬ ಹೆಸರು ಬಿದ್ದಿದೆಯೆಂದು ಆಗ ತಿಳಿಯಿತು. ಸಪ್ಪಳದ ಮರ್ಮವನ್ನೂ ಅವರೇ ಹೇಳಿದರು: “ಕದ್ದು ಹೋಗಿ ಹಿಡಿದರೆ ಈ ವರ್ಷ ಕಟ್ತಾರೆ, ಸಾಯೋವರೆಗೂ ಬೈತಾರೆ. ಬಾಗಿಲು ತೆಗೀಬೇಕೋ ಬೇಡವೋ ಅಂತ ಯೋಚಿಸೋಕೆ ಜನಕ್ಕೆ ಎರಡು ಮಹಡಿಯಷ್ಟಾದರೂ ಟೈಮ್ ಕೊಡಬೇಕು ಕಣಪ್ಪಾ.” ವಿಚಿತ್ರವೆಂದರೆ, ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಾಗಿಲುಗಳು ತೆರೆಯುತ್ತಿದ್ದುದು ಈ ಸದ್ದಿನ ಮನುಷ್ಯನಿಗೇ.

ಕೋಟಿನ ಒಳಜೇಬಿನಲ್ಲಿ ಪತ್ರಿಕೆಯ ತುಣುಕುಗಳ ಒಂದು ಕಟ್ಟು ಇರುತ್ತಿತ್ತು. ಚಹಾದ ಹೊತ್ತಿಗೆ ಅದನ್ನು ಬಿಡಿಸಿ, ಮದುವೆಗೆ ಗಂಡು ಹುಡುಕುವ ಸೋದರಮಾವನ ಗಾಂಭೀರ್ಯದಿಂದ ದೇಶದೇಶಗಳ ಜಾತಕ ಓದುತ್ತಿದ್ದರು. ಒಂದು ಕಡೆ ಟಿವಿ ಶುಲ್ಕವನ್ನು ಕರೆಂಟ್ ಬಿಲ್ಲಿಗೇ ಸೇರಿಸುತ್ತಾರೆ; ಇನ್ನೊಂದು ಕಡೆ ಟಿವಿ ಇರಲಿ ಬಿಡಲಿ, ಮನೆಯೊಂದಿದ್ದರೆ ಸಾಕು, ಕಟ್ಟಬೇಕು; ಮತ್ತೊಂದು ಕಡೆ ವಾಹಿನಿಯವರೇ ಪರದೆಯ ಮೇಲೆ ಬಂದು ನೋಡುಗರ ಮುಂದೆ ಜೋಳಿಗೆ ಹಿಡಿಯುತ್ತಾರೆ; ಕೆಲವೆಡೆ ಜಾಹೀರಾತು ಸಾಕುತ್ತದೆ, ಕೆಲವೆಡೆ ನೇರವಾಗಿ ಸರ್ಕಾರ. “ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅಂತಾರಲ್ಲ, ಅದಕ್ಕೇ ಲಕ್ಷ ಮನೆ ಉಪ್ಪು ಉಣ್ಣಬೇಕು. ಒಂದೇ ಮನೆಯದು ಉಂಡರೆ ನಾಲಿಗೇನೂ ಅವರದ್ದೇ ಆಗುತ್ತೆ” ಎನ್ನುವುದು ಅವರ ಕೊನೆಯ ಮಂಗಳಾರತಿ. ನಾನು ಚಹಾ ಮುಗಿಸಿ ಆಕಳಿಸುತ್ತಿದ್ದೆ.

ಆ ಆಕಳಿಕೆ ನಿಂತದ್ದು, ಹೊಸ ಸೇತುವೆ ಕುಸಿದದ್ದನ್ನು ನಮ್ಮ ವಾಹಿನಿ ಮೂರು ದಿನ ಬಿಡದೆ ತೋರಿಸಿದ ಮೇಲೆ. ನಾಲ್ಕನೆಯ ದಿನ ವಾರ್ತೆ ಓದುವವರು ಬದಲಾದರು. ತಿಂಗಳೊಳಗೆ ಸುತ್ತೋಲೆ ಬಂತು: ಶುಲ್ಕ ರದ್ದಾಗಲಿದೆ, ಇನ್ನು ಮುಂದೆ ವಾಹಿನಿಯನ್ನು ಸಚಿವಾಲಯವೇ ಸಾಕಲಿದೆ, ಅದಕ್ಕೆ ಆಧಾರವಾಗಿ, ‘ನನ್ನ ಬೀದಿಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಯವರು ಶುಲ್ಕ ಕಟ್ಟಲು ನಿರಾಕರಿಸುತ್ತಾರೆ’ ಎಂಬ ಹೇಳಿಕೆಗೆ ಹನ್ನೊಂದು ಜನ ತಪಾಸಕರೂ ಸಹಿ ಹಾಕಬೇಕು. ಅಲ್ಲಿಯವರೆಗೆ ರಬ್ಬರ್ ಅಟ್ಟೆಯ ಬೂಟು ತೊಟ್ಟು, ಸದ್ದಿಲ್ಲದೆ ಹೋಗಿ, ಯಾವ ಮನೆಯಲ್ಲಿ ಏನು ನೋಡುತ್ತಿದ್ದಾರೆಂದು ಬರೆದು ತರಬೇಕು.

ಕಚೇರಿಯಲ್ಲಿ ನಗು ಸತ್ತಿತು. ಟೈಪಿಸ್ಟ್ ಅಕ್ಕ ಫೋನ್ ಬಡಿದುಕೊಂಡರೆ ಬೆಚ್ಚಿಬೀಳತೊಡಗಿದಳು. ಸಹಿ ಹಾಕೆನೆಂದ ಹಿರಿಯರೊಬ್ಬರನ್ನು ಮೇಲಿನ ಮಹಡಿಗೆ ಕರೆದರು. ಸಂಜೆ ಇಳಿದುಬಂದು ಸಹಿ ಹಾಕಿದರು. ನಾನೋ, ಮಹಾಶೂರ, ಕರೆಯುವ ತೊಂದರೆಯನ್ನೇ ಯಾರಿಗೂ ಕೊಡದೆ ಏಳನೆಯವನಾಗಿ ಸಹಿ ಗೀಚಿ, ಮಧ್ಯಾಹ್ನವೇ ಹೋಗಿ ಬೂಟು ಕೊಂಡೆ.

ಡಾಕ್ಟರ ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಸಹಿ ಹಾಕದಿದ್ದರೆ ಪಿಂಚಣಿ ಇಲ್ಲವೆಂದು ಕಚೇರಿಯ ಸಾಹೇಬರು ಎಲ್ಲರೆದುರೇ ಹೇಳಿದ್ದರು. ಒಂದು ಬೆಳಿಗ್ಗೆ ಡಾಕ್ಟರ ಮೇಜು ಮೆಟ್ಟಿಲ ಕೆಳಗೆ, ಪೊರಕೆಗಳ ಪಕ್ಕ ಹೋಗಿತ್ತು. ಅವರು ಕೊಡೆಯನ್ನು ಪೊರಕೆಗಳ ನಡುವೆ ನಿಲ್ಲಿಸಿ, “ಒಳ್ಳೇ ಸಂಗಾತಿಗಳು ಸಿಕ್ಕರು” ಅಂದರು.

ಬೀದಿಯಲ್ಲಿ ಇನ್ನೂ ಕೆಟ್ಟದಾಗಿತ್ತು. ಅವರ ಸಪ್ಪಳ ಕೇಳಿದರೆ ಮಕ್ಕಳನ್ನು ಒಳಗೆಳೆದುಕೊಳ್ಳುವ ಸದ್ದು, ಚಿಲಕದ ಸದ್ದು, ಆಮೇಲೆ ಏನೂ ಇಲ್ಲ. ಇಪ್ಪತ್ತು ವರ್ಷದಿಂದ ತಪ್ಪದೆ ಶುಲ್ಕ ಕಟ್ಟಿದ ಹೊಲಿಗೆಯಾಕೆ ಬಾಗಿಲನ್ನು ಬೆರಳಗಲ ತೆರೆದು ಪಿಸುಗುಟ್ಟಿದಳು: “ಅಣ್ಣಾ, ನಾವು ವಾರ್ತೆ ನೋಡೋದೇ ಇಲ್ಲ ಅಂತ ಬರ್ಕೊಳ್ಳಿ.”

“ನಾನು ಡಬ್ಬ ಎಣಿಸೋನು ತಾಯಿ, ಕಣ್ಣು ಎಣಿಸೋನಲ್ಲ” ಅಂದರು ಡಾಕ್ಟರು. ಅವಳು ನಂಬಲಿಲ್ಲ, ಅವಳ ಕಣ್ಣು ನನ್ನ ಬೂಟಿನ ಮೇಲಿತ್ತು.

ಸಹಿಗೆ ಕೊಟ್ಟ ಗಡುವಿನ ಕೊನೆಯ ದಿನ ಸಾಹೇಬರು ನನ್ನನ್ನು ಕರೆದು, “ನಿನ್ನ ಗುರುಗಳ ಮನಸ್ಸಲ್ಲಿ ಏನಿದೆ, ಮೆಲ್ಲಗೆ ತಿಳ್ಕೊಂಡು ಬಾ” ಅಂದರು. ಹೋದೆ. ಮೆಟ್ಟಿಲ ಕೆಳಗೆ ಡಾಕ್ಟರು ನನಗೆ ಬೆನ್ನು ಹಾಕಿ ಕುಳಿತಿದ್ದರು. ಎದುರಿಗೆ ಹೇಳಿಕೆಯ ಹಾಳೆ. ಹತ್ತು ಸಹಿ, ಒಂದು ಖಾಲಿ ಗೆರೆ, ಅದರ ಮೇಲೆ ಮುಚ್ಚಳ ತೆಗೆಯದ ಪೆನ್ನು. ಕೋಟಿನ ಭುಜ ಸಣ್ಣಗೆ ಅದುರುತ್ತಿತ್ತು.

ಎದೆಗಾರರೆಂದರೆ ನಡುಗದವರು ಎಂದುಕೊಂಡಿದ್ದವನು ನಾನು. ಇಂಥವರ ಕುಲವೇ ಬೇರೆ: ಭಯ ಇವರೊಳಗೂ ನಮ್ಮಷ್ಟೇ ಇರುತ್ತದೆ, ಆದರೆ ಅದನ್ನು ಇನ್ನೊಬ್ಬರ ಬಾಗಿಲಿಗೆ ಹೊತ್ತು ಹಾಕುವುದಿಲ್ಲ, ತಾವು ಬರುತ್ತಿರುವುದನ್ನು ಲೋಕಕ್ಕೆ ಸಾರಿ ಬರುತ್ತಾರೆ. ಸದ್ದಿಲ್ಲದೆ ನಡೆಯುವುದನ್ನು ಕಲಿತವರು ನಾವು, ಉಳಿದ ಹತ್ತು ಜನ.

ಅವರ ಹಿಂದೆ ನಿಂತು ಕೇಳಿದೆ: “ಸಾರ್, ನಿಮಗೆ ಹೆದರಿಕೆ ಆಗಲ್ವಾ?”

ಅವರು ಕುರ್ಚಿಯಿಂದ ಹಾರಿಬಿದ್ದು, ತಿರುಗಿ, ಮೊದಲು ನನ್ನ ಕಾಲು ನೋಡಿದರು, ಆಮೇಲೆ ಮುಖ.

“ಆಗುತ್ತೆ ಕಣಪ್ಪಾ. ನೀನು ಬಂದಿದ್ದೇ ನನಗೆ ಕೇಳಿಸಲಿಲ್ಲ.”