ತೊಳೆದಿಟ್ಟ ಚೂರುಗಳು

“ಅಯ್ಯೋ ಅಮ್ಮಾ, ಇವನ್ನೆಲ್ಲ ತೊಳೆದುಬಿಟ್ರಾ?”

ನಗರಸಭೆಯ ಉತ್ಖನನ ವಿಭಾಗದ ನಿಹೆಯ್ ಎಂಬ ಹುಡುಗಿ ಹೊಲದ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಿದಿರಿನ ಮೊರದಲ್ಲಿದ್ದ ಚೂರುಗಳನ್ನೇ ನೋಡುತ್ತಿದ್ದಳು. ಹೊಲದೊಡತಿ ಹಾತ್ಸುಎಗೆ ಅರ್ಥವಾಗಲಿಲ್ಲ. ಮಣ್ಣು ಮೆತ್ತಿದ ಮೂಲಂಗಿಯನ್ನೂ ಯಾರ ಕೈಗೂ ಕೊಟ್ಟವಳಲ್ಲ ಅವಳು. ನಿನ್ನೆ ಗೆಣಸಿಗೆಂದು ಯಂತ್ರ ನೆಲ ತೋಡಿದಾಗ ಎದ್ದ ಮಡಕೆ ಚೂರುಗಳನ್ನು ಆಯ್ದು, ಹಳೆಯದೇನು ಸಿಕ್ಕರೂ ತಿಳಿಸಬೇಕೆಂಬ ನಿಯಮದಂತೆ ನಗರಸಭೆಗೆ ಫೋನು ಮಾಡಿ, ಬರುವವರ ಮುಂದೆ ಮಾನ ಹೋಗಬಾರದೆಂದು ನಾರಿನ ಬ್ರಷ್ಷಿನಿಂದ ಉಜ್ಜಿಟ್ಟಿದ್ದಳು.

“ಒಳಗೆಲ್ಲ ಮಸಿ ಹಿಡಿದಿತ್ತು ತಾಯಿ. ಹಾಗೇ ಹೇಗೆ ಕೊಡೋದು?”

“ಅದು ಅವರ ಅಡುಗೆ ಅಮ್ಮಾ, ತಳ ಹಿಡಿದದ್ದು. ಅದಿದ್ದಿದ್ರೆ ಯಾವ ಕಾಲದ್ದು, ಏನು ಬೇಯಿಸ್ತಿದ್ರು, ಎಲ್ಲ ಹೇಳಬಹುದಿತ್ತು. ಐದು ಸಾವಿರ ವರ್ಷದ್ದೂ ಇರಬಹುದು. ಬರೀ ಚೂರು ಈ ಕಡೆ ಎಲ್ಲಾ ಹೊಲದಲ್ಲೂ ಸಿಗುತ್ತೆ. ಇಷ್ಟಕ್ಕೇ ಕೆಲಸ ನಿಲ್ಲಿಸೋಕೆ ಮೇಲಿನವರು ಒಪ್ಪಲ್ಲ.”

ಯಂತ್ರದ ಮೇಲಿದ್ದ ಮೈದುನ ಕಿಚಿಜೊ ಹಲ್ಲುಬಿಟ್ಟು ನಕ್ಕ. “ಅತ್ತಿಗೇ, ನಿಮ್ಮ ಬ್ರಷ್ಷು ಹೊಲ ಉಳಿಸ್ತು ನೋಡಿ!”

ನಾಗಾಇಮೊ ಗೆಣಸು ಸೊಂಟದಾಳಕ್ಕೆ ಇಳಿಯುವ ಬೆಳೆ. ಇದು ಹಳೆಯ ಜನರ ನೆಲೆಯೆಂದು ದಾಖಲಾದರೆ ಅಷ್ಟು ಆಳ ತೋಡುವಂತಿಲ್ಲ. ಗಂಡ ಮೂವತ್ತು ವರ್ಷ ಹದ ಮಾಡಿದ ಮಣ್ಣು; ಊರಿನಲ್ಲೇ ಎಲ್ಲಕ್ಕಿಂತ ನೆಟ್ಟಗಿನ ಗೆಣಸು ಬರುತ್ತಿದ್ದದ್ದು ಇಲ್ಲಿ. ಹಾತ್ಸುಎಗೆ ಹೋದ ಜೀವ ಬಂದಂತಾಯಿತು. ಹಿಂದೆಯೇ ಮೊರದ ಚೂರೊಂದನ್ನೆತ್ತಿ ಒಳಬದಿಯನ್ನು ಹೆಬ್ಬೆರಳಿನಿಂದ ಸವರಿದಳು. ಯಾವಳೋ ಒಬ್ಬಳು ಒಲೆಯ ಮುಂದೆ ಮೈಮರೆತು ಸೀಯಿಸಿದ್ದನ್ನು ಇವಳು ಉಜ್ಜಿ ಬಚ್ಚಲಿಗೆ ಬಿಟ್ಟಿದ್ದಳು.

ನಿಹೆಯ್ ತಲೆಬಾಗಿ ವಂದಿಸಿ ಕಾರಿನತ್ತ ಹೊರಟಳು. ಕಿಚಿಜೊ ಯಂತ್ರ ಶುರುಮಾಡಿದ. ಅಲಗು ಕೆಳಗಿಳಿಯುವಾಗ, ಅದರ ಒಂದು ಮೊಳ ಮುಂದೆ, ತೋಡಿದ ಕಾಲುವೆಯ ಗೋಡೆಯಲ್ಲಿ ಅರ್ಧ ಮಡಕೆ ಕಂಡಿತು. ಒಳಗೆಲ್ಲ ಕಪ್ಪು ಹಕ್ಕಳೆ. ನೋಡಿದವಳು ಹಾತ್ಸುಎ ಒಬ್ಬಳೇ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು.

“ನಿಲ್ಸೋ ಕಿಚಿಜೋ! ತಾಯೀ, ಇಲ್ಲೊಂದಿದೆ! ಇದನ್ನ ನಾನು ಮುಟ್ಟಿಲ್ಲ!”

ನಿಹೆಯ್ ಓಡಿಬಂದು ಕಾಲುವೆಗಿಳಿದಳು. ಮಡಕೆಗೆ ಮುಖ ತಾಗುವಷ್ಟು ಬಗ್ಗಿ ಒಳಗಿನ ಹಕ್ಕಳೆಯನ್ನು ನೋಡಿದಳು. ಕಿಚಿಜೊ ಯಂತ್ರ ಆರಿಸಿ ಇಳಿದುಬಂದ.

“ಕಣ್ಣು ಮುಚ್ಚಿಕೊಂಡಿದ್ರೆ ಏನಾಗ್ತಿತ್ತು ಅತ್ತಿಗೆ?”

“ಏನೂ ಆಗ್ತಿರಲಿಲ್ಲ. ಅದಕ್ಕೇ ಮುಚ್ಚೋಕೆ ಆಗಲಿಲ್ಲ ಕಣಪ್ಪ.” ಹಾತ್ಸುಎ ಕಾಲುವೆಯತ್ತ ಬಗ್ಗಿ ಕೇಳಿದಳು: “ಇನ್ನು ಎಷ್ಟು ಆಳ ಅಗೀಬಹುದು, ತಾಯಿ?”

ನಿಹೆಯ್ ಮುಖವೆತ್ತಲಾರದೆ ಕೈ ಮೇಲೆತ್ತಿ ಬೆರಳಗಲಿಸಿ ತೋರಿಸಿದಳು. ಒಂದು ಗೇಣು.

ಕಿಚಿಜೊ ಹೋಗಿ ಬಿತ್ತನೆ ಗೆಡ್ಡೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ಲಾರಿಗೆ ವಾಪಸು ಏರಿಸತೊಡಗಿದ.