ಬಿಚ್ಚಿ ನೋಡಿದ ಪೊಟ್ಟಣ

ಗಲ್ಫಿನ ಹಮ್ದಾನ್ ಸ್ಟ್ರೀಟಿನ ಆ ಕಟ್ಟಡದಿಂದ ಯಾರಾದರೂ ಊರಿಗೆ ಹೊರಟರೆ ಸುದ್ದಿ ಲಿಫ್ಟಿಗಿಂತ ಮೊದಲು ಕೆಳಗಿಳಿಯುತ್ತದೆ. ಆಮೇಲೆ ಪೊಟ್ಟಣಗಳು ಬರತೊಡಗುತ್ತವೆ. ಹಾಲಿನ ಪುಡಿ, ಖರ್ಜೂರ, ನೋವಿನ ಎಣ್ಣೆ, ಅತ್ತರು. ಬ್ಯಾಗಿನಲ್ಲಿ ಜಾಗವಿಲ್ಲ ಎನ್ನುವಂತಿಲ್ಲ, ಒಳಗೇನಿದೆ ಎಂದು ಕೇಳುವಂತೆಯೂ ಇಲ್ಲ. ವಾರಿಜಾ ಪ್ರತಿ ಸಲ ಊರಿಗೆ ಹೋದಾಗಲೂ ಹೀಗೆಯೇ ಬಾಯಿಮುಚ್ಚಿ ಎಲ್ಲರದ್ದನ್ನೂ ಹೊತ್ತಿದ್ದಳು.

ಈ ಬಾರಿ ಹೊರಟವಳು ಮಗಳು ಸಮೀಕ್ಷಾ. ರಜೆ ಹಾಕಿ ಅಪ್ಪ ಅಮ್ಮನನ್ನು ನೋಡಲು ಬಂದವಳು ಮರುದಿನ ವಾಪಸು ಹೋಗುವವಳಿದ್ದಳು.

ಮಗಳು ಏನು ಮಾಡುತ್ತಾಳೆ ಎಂದು ಕೇಳಿದವರಿಗೆಲ್ಲ ವಾರಿಜಾ "ಎಚ್‌ಆರ್‌ನಲ್ಲಿದ್ದಾಳೆ" ಎಂದು ಹೇಳಿಟ್ಟಿದ್ದಳು. ನಿಜದಲ್ಲಿ ಅವಳು ಕಾರ್ಕಳದ ಆಚೆ, ಘಟ್ಟದ ಬುಡದ ಒಂದು ಹಳ್ಳಿ ಠಾಣೆಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಇಲ್ಲಿನ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ಡಿಗ್ರಿ ಮುಗಿಸಿ, ಯಾರಿಗೂ ಹೇಳದೆ ಪರೀಕ್ಷೆ ಬರೆದಿದ್ದಳು. "ಆ ಕೊಂಪೆಯಲ್ಲಿ ನಿನಗೇನು ಭವಿಷ್ಯ ಉಂಟು?" ಎಂದು ವಾರಿಜಾ ಫೋನಿನಲ್ಲಿ ಅತ್ತಿದ್ದಳು.

"ಪೇಟೆ ಠಾಣೆಯಲ್ಲಾದರೆ ನನ್ನನ್ನು ಬಂದೋಬಸ್ತಿಗೆ ನಿಲ್ಲಿಸಿ ಮರೆತುಬಿಡ್ತಾರಮ್ಮ. ಇಲ್ಲಿ ಹೆಂಗಸರು ಅಂತ ಇರುವುದು ನಾವಿಬ್ಬರೇ. ಯಾವ ಹೆಂಗಸು ದೂರು ತಂದರೂ ನಮ್ಮ ಹತ್ತಿರವೇ ಕೂರಿಸ್ತಾರೆ. ಎಲ್ಲ ಕೆಲಸ ಕಲಿತಾಗ್ತದೆ. ಮುಂದೆ ಇಲಾಖೆಯ ಒಳಗಿಂದಲೇ ಎಸ್‌ಐ ಪರೀಕ್ಷೆ ಬರೆಯಬಹುದು."

ಈ ಮಾತನ್ನು ವಾರಿಜಾ ಯಾರಿಗೂ ದಾಟಿಸಲಿಲ್ಲ. ಮಗಳು ಬಂದಿಳಿದ ದಿನ ಕಾರಿನಲ್ಲೇ ಹೇಳಿದ್ದಳು, "ಇಲ್ಲಿ ಕೆಲಸದ ಮಾತು ತೆಗೆಯಬೇಡ ಮಗಾ." ಸಮೀಕ್ಷಾ "ಸರಿ" ಎಂದು ಕಿಟಕಿಯ ಕಡೆ ತಿರುಗಿದ್ದಳು.

ಆ ಸಂಜೆ ಎದುರು ಫ್ಲಾಟಿನ ನಸೀಮ ತನ್ನ ಪೊಟ್ಟಣ ಕೊಟ್ಟು ಚಹಾ ಕುಡಿಯುತ್ತಾ ಕೂತಿದ್ದಾಗ ಎಲೆಕ್ಟ್ರಾ ಸ್ಟ್ರೀಟಿನಿಂದ ಯಶವಂತಿ ಬಂದಳು. ಅವಳ ಗಂಡ ಪೃಥ್ವಿರಾಜ್ ಕಂಪೆನಿಯೊಂದರಲ್ಲಿ ಮ್ಯಾನೇಜರು. ಊರಿನವರ ಕೂಟಗಳಲ್ಲಿ ಯಶವಂತಿ ಒಳಗೆ ಬಂದರೆ ಉಳಿದ ಹೆಂಗಸರು ತಮಗರಿವಿಲ್ಲದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ವಾರಿಜಾಳಿಗೆ ಅಳುಕಿದ್ದದ್ದು ಮುಖ್ಯವಾಗಿ ಅವಳದ್ದೇ.

"ಯಲ್ಲಾ, ಬೇಗ ಇದೊಂದನ್ನು ಬ್ಯಾಗಿನಲ್ಲಿ ಹಿಡಿಸಿಬಿಡು ಮಗಾ. ನನ್ನ ಅಕ್ಕನ ಮಗ ಏರ್‌ಪೋರ್ಟಿಗೇ ಬರ್ತಾನೆ." ಪೊಟ್ಟಣಕ್ಕೆ ಎಲ್ಲೂ ಸಂದು ಕಾಣದಂತೆ ಕಂದು ಟೇಪು ಸುತ್ತಿತ್ತು.

"ಏನುಂಟು ಆಂಟಿ ಇದರಲ್ಲಿ?"

"ಏನಿರ್ತದೆ? ಬಟ್ಟೆ, ಸೋಪು."

"ಒಮ್ಮೆ ಬಿಚ್ಚಿ ನೋಡ್ತೇನೆ. ಪುನಃ ನಾನೇ ಕಟ್ತೇನೆ."

"ಎಂಥ ಮಗಾ ಇದು! ಯಶವಂತಿಯ ಪೊಟ್ಟಣ ಬಿಚ್ಚುವುದಾ?" ವಾರಿಜಾಳ ಕಿವಿ ಬಿಸಿಯಾಯಿತು.

"ನಸೀಮ ಆಂಟಿಯದ್ದೂ ನೋಡಿದೆನಲ್ಲಮ್ಮ."

"ನೋಡಿದ್ದು ಮಾತ್ರವಾ? ನಾಲ್ಕು ಬಾದಾಮಿ ತಿಂದೂ ಆಯ್ತು," ನಸೀಮ ನಕ್ಕಳು.

ಯಶವಂತಿ ನಗಲಿಲ್ಲ. "ಎಂಚಿನ ವಾರಿಜಕ್ಕ, ಏನಿದು? ನಿಮ್ಮ ಮಗಳು ಎಚ್‌ಆರಾ, ಪೊಲೀಸಾ?"

ಹೌದು, ಪೊಲೀಸೇ ಎನ್ನಲು ಅಷ್ಟು ಅವಕಾಶ ಸಾಕಿತ್ತು. ಸಮೀಕ್ಷಾ ಪೊಟ್ಟಣದ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಅಮ್ಮನ ಬಾಯಿಯಿಂದ ಏನು ಬರುತ್ತದೆಂದು ಕಾಯುತ್ತಿದ್ದಳು. ವಾರಿಜಾಳಿಗೆ ಅದು ತಿಳಿಯಿತು. ತಿಳಿದೂ ನಕ್ಕಳು. "ಎಚ್‌ಆರಿನವರಿಗೆ ಎಲ್ಲರ ಮೇಲೂ ಅನುಮಾನ ಮಾರಾಯ್ತಿ."

"ಹೌದು ಆಂಟಿ, ಆಫೀಸಿನ ಅಭ್ಯಾಸ," ಎಂದಳು ಸಮೀಕ್ಷಾ, ಮೆಲ್ಲಗೆ. ಕತ್ತರಿ ತೆಗೆದುಕೊಂಡಳು.

ಒಳಗೆ ಹೊಸದರಂತೆ ಇಸ್ತ್ರಿ ಮಾಡಿ ಮಡಚಿದ ಅಂಗಿಗಳಿದ್ದವು. ಕಾಲರು ಮಾತ್ರ ಸವೆದಿತ್ತು. ಬಣ್ಣ ಮಾಸಿದ ಎರಡು ನೈಟಿ. ಹೋಟೆಲು ರೂಮುಗಳಲ್ಲಿಡುವ ಪುಟ್ಟ ಸೋಪುಗಳು. ಅರ್ಧಕ್ಕಿಂತ ಕಡಿಮೆ ಉಳಿದ ಲೋಷನ್ ಬಾಟಲಿ.

ನಸೀಮ ಲೋಟ ಹಿಡಿದು ಅಡಿಗೆಮನೆಗೆ ಎದ್ದುಹೋದಳು. ಯಶವಂತಿ ಸೋಫಾದ ಅಂಚಿನಲ್ಲಿ ಕುಸಿದಳು.

"ಇವರ ಕೆಲಸ ಹೋಗಿ ಸುಮಾರು ಸಮಯ ಆಯ್ತು ಅಕ್ಕ. ಎಲ್ಲ ಖಲಾಸ್. ಪೊಟ್ಟಣ ಹೋಗದಿದ್ದರೆ ಊರಲ್ಲಿ ಗೊತ್ತಾಗ್ತದೆ."

ವಾರಿಜಾ ಅವಳ ಕೈ ಹಿಡಿದಳು. ಆ ಮುಖವನ್ನು ನೋಡಲಾಗದೆ, ಏನಾದರೂ ಕೊಡಬೇಕೆನಿಸಿ, ಹೇಳಿಬಿಟ್ಟಳು.

"ನಾನೂ ಮುಚ್ಚಿಟ್ಟಿದ್ದೇನೆ ಯಶವಂತಿ. ಇವಳು ಎಚ್‌ಆರ್ ಅಲ್ಲ. ಪೊಲೀಸೇ. ಬರೀ ಕಾನ್‌ಸ್ಟೇಬಲ್, ಹಳ್ಳಿ ಠಾಣೆಯಲ್ಲಿ."

ಯಶವಂತಿ ಕಣ್ಣೊರೆಸಿಕೊಂಡಳು. ಅವಳ ಉಸಿರು ಹಗುರಾದದ್ದು ಕೇಳಿಸಿತು. "ಹೌದಾ? ಪಾಪ," ಎಂದು ವಾರಿಜಾಳ ಕೈಯನ್ನೇ ಸವರಿದಳು. "ಇರಲಿ ಬಿಡಿ ಅಕ್ಕ. ಮನೆಯೆಂದ ಮೇಲೆ ಎಲ್ಲರಿಗೂ ಒಂದೊಂದು ಇರ್ತದೆ."

ಅಂಗಿ ಮಡಚುತ್ತಿದ್ದ ಸಮೀಕ್ಷಾಳ ಕೈ ನಿಂತಿತು. ಸವೆದ ಕಾಲರು, ಬಳಸಿ ಉಳಿದ ಲೋಷನ್, ಅವುಗಳ ಪಕ್ಕಕ್ಕೆ ತಾನು ಮಗಳ ಕೆಲಸವನ್ನೇ ತಂದಿಟ್ಟೆನೆಂದು ವಾರಿಜಾಳಿಗೆ ಆಗ ಕಂಡಿತು.

"ಹಾಗಲ್ಲ, ಒಳ್ಳೆ ಕೆಲಸವೇ ಅದು," ಎಂದು ತಡವರಿಸಿದಳು. "ಅಲ್ಲಿ ಇವಳು ಎಲ್ಲ ಕಲೀತಾಳೆ. ಮುಂದೆ ಎಸ್‌ಐ ಪರೀಕ್ಷೆ..."

"ಅದೆಲ್ಲ ಈಗ ಬೇಡಮ್ಮ." ಸಮೀಕ್ಷಾ ಲೋಷನ್ ಬಾಟಲಿಯ ಮುಚ್ಚಳ ಬಿಗಿಮಾಡಿ ನೈಟಿಯ ನಡುವೆ ಇಟ್ಟಳು, ಸೋಪುಗಳನ್ನು ಅಂಗಿಯ ಮಡಿಕೆಯೊಳಗೆ ಸೇರಿಸಿದಳು. "ಆಂಟಿ, ನಿಮ್ಮ ಅಕ್ಕನ ಮಗನ ನಂಬರು ಕೊಡಿ. ನಾನೇ ಕೈಯಲ್ಲಿ ಕೊಡ್ತೇನೆ."

ಆಮೇಲೆ ಟೇಪಿನ ತುದಿಯನ್ನು ಅಮ್ಮನ ಕಡೆ ಚಾಚಿದಳು, ಮುಖ ನೋಡದೆ.

"ಇದನ್ನು ಹಿಡ್ಕೊ."

ವಾರಿಜಾ ಹಿಡಿದಳು. ಮಗಳು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ಸುತ್ತುತ್ತಿದ್ದಳು. ಸುತ್ತಿ ಮುಗಿದ ಮೇಲೂ ವಾರಿಜಾಳ ಬೆರಳು ಆ ತುದಿಯ ಮೇಲೆಯೇ ಇತ್ತು.